ಇರುವೆಗಳ ಬಾಣಂತಿಕೋಣೆ

ಚಿಂತೆ ಮಾಡುವವರಲ್ಲಿ ಎರಡು ವಿಧ. ಚಿಂತೆ ಬಂದಾಗ ಮಾಡುವವರು ಕೆಲವರು. ಅವರನ್ನು ನಾನು ಹವ್ಯಾಸಿಗಳೆಂದು ಕರೆಯುತ್ತೇನೆ. ನನ್ನದು ಹಾಗಲ್ಲ. ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ಆ ದಿನದ ಚಿಂತೆ ಯಾವುದೆಂದು ಗೊತ್ತುಮಾಡಿಕೊಳ್ಳುತ್ತೇನೆ. ಯಾವುದೂ ಹೊಳೆಯದಿದ್ದರೆ, ಚಿಂತಿಸಬೇಕಾದ ಏನನ್ನೋ ಮರೆತಿದ್ದೇನೆಂಬ ಚಿಂತೆ ಶುರುವಾಗುತ್ತದೆ. ನನ್ನ ಹೆಂಡತಿ ರುಕ್ಮಿಣಿ ಹೇಳುವುದುಂಟು: "ನಿಮ್ಮನ್ನ ಸ್ವರ್ಗಕ್ಕೇ ಕರ್ಕೊಂಡು ಹೋದ್ರೂ, ಇಲ್ಲಿ ಮಳೆಗಾಲದಲ್ಲಿ ಸೂರು ಸೋರತ್ತಾ ಅಂತ ಮೊದ್ಲು ಕೇಳ್ತೀರಿ." ಇಪ್ಪತ್ತು ವರ್ಷ ಸಂಸಾರ ಮಾಡಿಯೂ ಅವಳು ನನ್ನನ್ನು ಸರಿಯಾಗಿ ಅರ್ಥಮಾಡಿಕೊಂಡಿಲ್ಲ. ಸೂರಿನ ವಿಚಾರ ಆಮೇಲೆ. ನಾನು ಮೊದಲು ಕೇಳುವುದು ಅಡಿಪಾಯವನ್ನು.

ಅಡಿಪಾಯದ ಮೇಲೆ ನನಗೆ ಇಷ್ಟು ಅಭಿಮಾನ ಬರಲು ಕಾರಣವಿದೆ. ಚಾಮರಾಜಪೇಟೆಯ ಒಂದು ವಠಾರದಲ್ಲಿ ಏಳು ಸಂಸಾರಗಳೊಡನೆ ಒಂದು ನಲ್ಲಿಯನ್ನು ಹಂಚಿಕೊಂಡು ಬಾಳಿದ ಮೇಲೆ, ಜಯನಗರದಲ್ಲಿ ನಮ್ಮದೇ ಎನ್ನುವ ಮನೆಯಾಯಿತು. ನಾವು ಬಂದ ಹೊಸದರಲ್ಲಿ ಜಯನಗರವೆಂದರೆ ಕೆಂಪು ಮಣ್ಣು, ಸೈಟುಗಳ ಗಡಿ ತೋರಿಸುವ ಕಲ್ಲುಗಳು, ದೀಪವಿಲ್ಲದ ದೀಪದ ಕಂಬಗಳು, ತಂಗಡಿ ಗಿಡ. ಕೊನೆಯ ಸ್ಟಾಪಿನಲ್ಲಿ ನಾನು ಬಸ್ಸಿನಿಂದ ಇಳಿಯುವಾಗ ಕಂಡಕ್ಟರು ಒಂದು ಥರ ಕನಿಕರದಿಂದ ನೋಡುತ್ತಿದ್ದ. ನಮ್ಮ ಬೀದಿಯಲ್ಲಿ ಆಗ ಇದ್ದದ್ದು ಎರಡೇ ಮನೆ. ಒಂದು ನಮ್ಮದು. ಇನ್ನೊಂದು, ಕಾಂಪೌಂಡಿನ ಗೋಡೆಯಾಚೆಗೆ, ಚಿಕ್ಕತಾಯಮ್ಮನದು.

ಚಿಕ್ಕತಾಯಮ್ಮನಿಗೆ ಅರವತ್ತರ ಮೇಲೆ ವಯಸ್ಸು. ಬಡಾವಣೆ ಬರುವುದಕ್ಕೆ ಮುಂಚೆ ಅಲ್ಲೆಲ್ಲ ಆಕೆಯ ಗಂಡನ ಹೊಲವಿತ್ತಂತೆ. ನಮ್ಮ ಅಡಿಗೆಮನೆ ಇರುವ ಕಡೆ ಹುರುಳಿ, ದೇವರಮನೆ ಇರುವ ಕಡೆ ರಾಗಿ. ಹೊಲ ಹೋಯಿತು, ಗಂಡ ಹೋದ. ಉಳಿದದ್ದು ಒಂದು ಸೈಟು, ಅದರಲ್ಲೊಂದು ಹೆಂಚಿನ ಮನೆ, ಒಂದು ಹಸು, ಮತ್ತು ಮನೆಯ ಸುತ್ತ ಗೇಣು ನೆಲವೂ ಕಾಣದಂತೆ ಹಬ್ಬಿದ ಹಸಿರು. ಗೆಣಸಿನ ಬಳ್ಳಿ, ಕುಂಬಳ, ಬಸಳೆ, ಹೊನಗೊನೆ, ಗೋಡೆಯ ಮೇಲೆ ಅವರೆ. ಇಡೀ ಹೊಲವನ್ನು ಮಡಚಿ ಆ ಒಂದು ಸೈಟಿನೊಳಗೆ ತುರುಕಿದಂತಿತ್ತು. ದಿನಾ ಬೆಳಿಗ್ಗೆ ಗೋಡೆಯ ಮೇಲಿಂದ ಒಂದು ಹಿಡಿ ಸೊಪ್ಪು ನಮ್ಮ ಕಡೆಗೆ ಬರುತ್ತಿತ್ತು. ಈ ಕಡೆಯಿಂದ ಒಂದು ಲೋಟ ಕಾಫಿ ಆ ಕಡೆಗೆ ಹೋಗುತ್ತಿತ್ತು. ಇದು ರುಕ್ಮಿಣಿಯ ವ್ಯವಹಾರ. ನಾನು ಅದರಲ್ಲಿ ಸೊಪ್ಪು ತಿನ್ನುವಷ್ಟು ಮಾತ್ರ ಭಾಗಿ.

ಏಕೆಂದರೆ ಅಂಗಳದ ವಿಷಯದಲ್ಲಿ ನನ್ನದು ಬೇರೆ ಸಿದ್ಧಾಂತ. ವಠಾರದಲ್ಲಿ ಬೆಳೆದವನಿಗೆ ಅಂಗಳವೆಂದರೆ ಅಂಗೈಯಂತಿರಬೇಕು. ಅಲ್ಲಿ ಒಂದೆಳೆ ಹುಲ್ಲು ತಲೆಯೆತ್ತಿದರೆ, ಅದು ಯಾರ ಮನೆಯ ಬಾಗಿಲಿನ ಮುಂದೆ ಎತ್ತಿದೆಯೋ ಆ ಮನೆಯ ಹೆಂಗಸಿನ ಮಾನ ಹೋದಂತೆ. ಆದ್ದರಿಂದ ನಮ್ಮ ಕಾಂಪೌಂಡಿನೊಳಗೆ ಪ್ರತಿ ಭಾನುವಾರ ಗುದ್ದಲಿ ಹಿಡಿದು ಇಳಿಯುತ್ತಿದ್ದೆ. ಹುಲ್ಲು ಕೆರೆದು, ಕಸ ಗುಡಿಸಿ, ಸಗಣಿನೀರು ಹಾಕಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಫಳಫಳನೆ ಹೊಳೆಯುವ ಬೋಳು ನೆಲವನ್ನು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದೆ. ಒಂದೇ ಒಂದು ಅಪವಾದ ನಲ್ಲಿಯ ಪಕ್ಕದ ಎರಡಡಿ ಜಾಗ. ಅಲ್ಲಿ ರುಕ್ಮಿಣಿ ನನ್ನ ಕಣ್ಣುತಪ್ಪಿಸಿ ದೊಡ್ಡಪತ್ರೆ ನೆಟ್ಟಿದ್ದಳು. ಕೀಳಲು ಹೋದಾಗ, "ಮುಟ್ಟಿದ್ರೆ ನಾಳೆಯಿಂದ ತಂಬುಳಿ ಇಲ್ಲ" ಎಂದಳು. ನಾನು ತತ್ವಕ್ಕೆ ಬದ್ಧನಾದರೂ ತಂಬುಳಿಗೂ ಬದ್ಧ.

ಅದೇ ಸಮಯದಲ್ಲಿ ಇರುವೆಗಳು ಬಂದವು. ಬಂದವು ಎನ್ನುವುದು ಸರಿಯಲ್ಲ. ನೆಂಟರು ಬರುತ್ತಾರೆ, ಇವು ಬಿಡಾರ ಹೂಡಿದವು. ಮೊದಲು ಸಣ್ಣ ಕೆಂಪಿರುವೆ, ಆಮೇಲೆ ಕಟ್ಟಿರುವೆ, ಅವುಗಳ ಹಿಂದೆಯೇ ಗೊದ್ದ. ನೆಲದಲ್ಲಿ ಒಂದೊಂದು ತೂತು, ತೂತಿನ ಸುತ್ತ ಜರಡಿ ಹಿಡಿದಂತೆ ನುಣ್ಣನೆಯ ಮಣ್ಣಿನ ಬಳೆ. ಬೀರುವಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿದೆವು. ನನ್ನ ಮಂಚದ ಕಾಲುಗಳಿಗೂ ಬಟ್ಟಲಿಟ್ಟುಕೊಂಡು, ಬೆಳಿಗ್ಗೆ ಎದ್ದ ಕೂಡಲೇ ಅದರೊಳಗೆ ಕಾಲಿಟ್ಟು, ಒಂದು ವಾರ ನೆಗಡಿಯಾಯಿತು. ಇಲ್ಲಿ ಒಂದು ಮಾತು ಹೇಳಿಬಿಡಬೇಕು: ಕನ್ನಡಕವಿಲ್ಲದಿದ್ದರೆ ನನಗೆ ಇರುವೆಗೂ ಸಾಸಿವೆಗೂ ವ್ಯತ್ಯಾಸ ಕಾಣದು. ಒಂದು ದಿನ ಕನ್ನಡಕ ಎಲ್ಲೋ ಬಿಟ್ಟು ಊಟಕ್ಕೆ ಕೂತು, ಚಿತ್ರಾನ್ನದಿಂದ ಇರುವೆಗಳನ್ನು ಒಂದೊಂದಾಗಿ ಆರಿಸಿ ಎಲೆಯ ಅಂಚಿಗಿಟ್ಟೆ. ರುಕ್ಮಿಣಿ ಬಗ್ಗಿ ನೋಡಿ, "ಒಗ್ಗರಣೆ ಇಷ್ಟ ಇಲ್ದಿದ್ರೆ ಬಾಯಿಬಿಟ್ಟು ಹೇಳಿ" ಎಂದು ಒಳಗೆ ಹೋದವಳು ಹುಳಿ ಬಡಿಸಲು ಹೊರಗೆ ಬರಲಿಲ್ಲ.

ಆದರೆ ನನ್ನನ್ನು ಹಿಡಿದ ನಿಜವಾದ ಚಿಂತೆ ಚಿತ್ರಾನ್ನದ್ದಲ್ಲ. ಒಂದು ದಿನ ನೋಡುತ್ತೇನೆ, ಅಡಿಪಾಯದ ಕಲ್ಲಿಗೆ ಒತ್ತಿಕೊಂಡೇ ಆರು ತೂತು! ಇರುವೆ ಮಣ್ಣು ಹೊರಗೆ ಹಾಕುತ್ತಿದೆ ಎಂದರೆ, ಆ ಮಣ್ಣು ಎಲ್ಲಿಂದ ಬಂತು? ನನ್ನ ಮನೆಯ ಕೆಳಗಿನಿಂದ. ಅಷ್ಟು ಜಾಗ ಒಳಗೆ ಟೊಳ್ಳಾಯಿತು. ಒಂದು ವಾರದ ಮಣ್ಣನ್ನೆಲ್ಲ ಬಳಿದು ಬಿಸ್ಕತ್ತಿನ ಡಬ್ಬಕ್ಕೆ ತುಂಬಿ, ಕಚೇರಿಗೆ ಒಯ್ದು, ಮೇಲಂತಸ್ತಿನಲ್ಲಿ ಕೂರುತ್ತಿದ್ದ ಒಬ್ಬ ಇಂಜಿನಿಯರಿಗೆ ತೋರಿಸಿದೆ. ಡಬ್ಬ ನೋಡಿ ಅವರು ಆಸೆಯಿಂದ ಕೈಹಾಕಿದರು. ಕೈ ಒರೆಸಿಕೊಂಡ ಮೇಲೆ ನಾನು ಕೇಳಿದೆ: "ವಾರಕ್ಕೆ ಇಷ್ಟು ಹೋದ್ರೆ ಮನೆ ಎಷ್ಟು ದಿನ ನಿಲ್ಲತ್ತೆ ಸಾರ್?"

ಅವರು ಚಾವಣಿ ನೋಡಿದರು. "ಎರಡು ಸಾವಿರ ವರ್ಷ ನಿಲ್ಲಬಹುದು. ಅಷ್ಟರೊಳಗೆ ಒಂದ್ಸಲ ಸುಣ್ಣ ಹೊಡೆಸಿ."

'ನಿಲ್ಲಬಹುದು' ಎಂದರು, ಗಮನಿಸಿ. 'ನಿಲ್ಲುತ್ತದೆ' ಎನ್ನಲಿಲ್ಲ. ತಿಳಿದವರೇ ಹೀಗೆ ಅನುಮಾನಿಸಿದರೆ ನನ್ನಂಥವನ ಗತಿಯೇನು?

ಸೀಮೆಎಣ್ಣೆ ಸುರಿದೆ. ಅರಿಶಿನ ಹಾಕಿದೆ. ಕುದಿಯುವ ನೀರು ಹೊಯ್ದು ಕಾಲು ಸುಟ್ಟುಕೊಂಡೆ. ಕೊನೆಗೆ ಡಿಡಿಟಿ ಪುಡಿ ತಂದು ಪ್ರತಿಯೊಂದು ತೂತಿನ ಬಾಯಿಗೂ ಉದುರಿಸಿದೆ. ಆದರೆ ನಮ್ಮ ಮನೆಯಲ್ಲಿ ವಿರೋಧಪಕ್ಷವೂ ಇತ್ತು. ಅದು ನಮ್ಮ ತಾಯಿ. ನನ್ನ ಜಾತಕದಲ್ಲಿ ಶನಿ ಸರಿಯಿಲ್ಲವೆಂದು ಯಾರೋ ಹೇಳಿದಂದಿನಿಂದ ಪ್ರತಿ ಶನಿವಾರ ಇರುವೆ ಗೂಡಿಗೆ ರವೆ ಸಕ್ಕರೆ ಹಾಕುವುದು ಆಕೆಯ ವ್ರತ. ಬಾಗಿಲಿಗೆ ರಂಗೋಲಿ ಇಡುವುದೂ ಅಕ್ಕಿಹಿಟ್ಟಿನಲ್ಲೇ. ಶುಕ್ರವಾರ ಸಂಜೆ ನಾನು ವಿಷ ಹಾಕಿದ ಕಡೆ ಶನಿವಾರ ಬೆಳಿಗ್ಗೆ ಆಕೆ ಪೊರಕೆಯಿಂದ ಪುಡಿ ಗುಡಿಸಿ ಸಕ್ಕರೆ ಹಾಕುತ್ತಿದ್ದಳು.

"ಅಮ್ಮಾ, ಮನೆ ಬೀಳತ್ತೆ!"

"ನಿನ್ನ ಶನಿ ಬಿಟ್ರೆ ಮನೆ ತಾನಾಗೇ ನಿಲ್ಲತ್ತೆ ಕಣೋ ಸೀನ. ಅವು ತಿಂದು ಹರಸ್ಲಿ ಸುಮ್ನಿರು."

ಇದನ್ನೆಲ್ಲ ಗೋಡೆಯಾಚೆಯಿಂದ ಚಿಕ್ಕತಾಯಮ್ಮ ನೋಡುತ್ತಿದ್ದಳು. ಒಂದು ಭಾನುವಾರ ನಾನು ಹುಲ್ಲು ಕೆರೆಯುತ್ತಿದ್ದಾಗ ಹೇಳಿಯೂ ಹೇಳಿದಳು: "ಯಾಕ್ ಸ್ವಾಮಿ ಹಂಗೆ ನೆಲದ ತಲೆ ಬೋಳಿಸ್ತೀರಿ? ವಸಿ ಹಸ್ರು ಬಿಡಿ. ನೆಳ್ಳಿದ್ರೆ ಇರುವೆ ಇಷ್ಟೊಂದು ಬರಾಕಿಲ್ಲ."

ನಾನು ನಕ್ಕುಬಿಟ್ಟೆ. ಎಸ್.ಎಸ್.ಎಲ್.ಸಿ. ಪಾಸು ಮಾಡಿ, ಇಪ್ಪತ್ತು ವರ್ಷ ಸರ್ಕಾರಿ ಕಡತಗಳ ಮೇಲೆ ಷರಾ ಬರೆದವನಿಗೆ ಹುಳುಹುಪ್ಪಟೆ ಹುಟ್ಟುವುದು ಎಲ್ಲಿ ಎಂದು ಗೊತ್ತಿಲ್ಲವೇ? ಪೊದೆಯಲ್ಲಿ. ಕಸದಲ್ಲಿ. ಎಂದರೆ ಗೋಡೆಯಾಚೆ! ಆ ಕ್ಷಣದಲ್ಲಿ ನನಗೆ ಜ್ಞಾನೋದಯವಾಯಿತು. ನನ್ನ ಅಂಗಳ ಇಷ್ಟು ಶುಭ್ರವಾಗಿರುವಾಗ ಇರುವೆ ಬರುತ್ತಿರುವುದು ಎಲ್ಲಿಂದ? ಚಿಕ್ಕತಾಯಮ್ಮನ ಗೆಣಸಿನ ಕಾಡಿನಿಂದ. ಅಲ್ಲಿ ಹುಟ್ಟಿ, ಅಲ್ಲಿ ಬೆಳೆದು, ನನ್ನ ಅಡಿಪಾಯ ತೋಡಲು ಇಲ್ಲಿಗೆ ದಿನಗೂಲಿಗೆ ಬರುತ್ತಿವೆ.

ರುಕ್ಮಿಣಿಗೆ ಹೇಳಿದೆ. ಅವಳು ಹೊನಗೊನೆ ಸೊಪ್ಪು ಬಿಡಿಸುತ್ತ, "ಆಕೆ ಕಡೆ ಹೋಗಿ ನೋಡಿದೀರಾ, ಇರುವೆ ಇದೆಯಾ ಅಂತ?" ಎಂದು ಕೇಳಿದಳು. ನೋಡಿರಲಿಲ್ಲ. ನೋಡುವ ಅಗತ್ಯವೇನು, ತರ್ಕವಿರುವಾಗ?

ಎದುರಿಗೆ ಹೇಳುವ ಧೈರ್ಯ ನನ್ನ ವಂಶದಲ್ಲೇ ಇಲ್ಲ. ಬರೆಯುವ ಧೈರ್ಯ ಬೇಕಾದಷ್ಟಿದೆ. ಬಡಾವಣೆಯ ಆರೋಗ್ಯ ಕಚೇರಿಗೆ ಒಂದು ಅರ್ಜಿ ಬರೆದೆ. ನಾಲ್ಕು ಸಲ ತಿದ್ದಿದೆ. ನನ್ನ ನೌಕರಿಯಲ್ಲಿ ಅಷ್ಟು ಸೊಗಸಾದ ಅರ್ಜಿಯನ್ನು ನಾನು ಬರೆದದ್ದಿಲ್ಲ. "ಸದರಿ ನಿವೇಶನವು ಮಿತಿಮೀರಿ ಬೆಳೆದ ಗಿಡಬಳ್ಳಿಗಳಿಂದ ಆವೃತವಾಗಿ, ಕ್ಷುದ್ರ ಜಂತುಗಳ ಆಶ್ರಯಸ್ಥಾನವೂ ಸಂತಾನಕ್ಷೇತ್ರವೂ ಆಗಿ ಪರಿಣಮಿಸಿದ್ದು…" ಎಂಬ ವಾಕ್ಯವನ್ನು ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಹೇಳಿಕೊಂಡು ಸುಖಿಸುತ್ತಿದ್ದೆ. ಕೆಳಗೆ ಹೆಸರು ಹಾಕಲಿಲ್ಲ. 'ನೊಂದ ನಾಗರಿಕ' ಎಂದಷ್ಟೇ ಬರೆದೆ.

ಮೂರು ವಾರ ಏನೂ ಆಗಲಿಲ್ಲ. ಮರೆತಿದ್ದೆ. ಒಂದು ಬೆಳಿಗ್ಗೆ ಸ್ನಾನ ಮುಗಿಸಿ, ಪಂಚೆ ಉಟ್ಟು, ನಲ್ಲಿಯ ಹತ್ತಿರ ನಿಂತು ಸೂರ್ಯನಿಗೆ ನಮಸ್ಕಾರ ಮಾಡುತ್ತಿದ್ದೆ. ಗೋಡೆಯ ಮೇಲೆ ಚಿಕ್ಕತಾಯಮ್ಮನ ಮುಖ ಕಾಣಿಸಿತು. ಕೈಯಲ್ಲಿ ಸೊಪ್ಪಿರಲಿಲ್ಲ, ಒಂದು ಕಾಗದವಿತ್ತು.

"ಸ್ವಾಮಿ, ಯಾರೋ ಇನ್‌ಸ್ಪೆಟ್ರು ಕೊಟ್ಟೋದ್ರು. ನಂಗೆ ಅಕ್ಸರ ಬರಾಕಿಲ್ಲ. ವಸಿ ಓದಿ ಯೋಳಿ."

ಯಾವ ಕಾಗದವೆಂದು ನನಗೆ ಆಗಲೇ ಗೊತ್ತಾಯಿತು. ಕಾಗದ ತೆಗೆದುಕೊಂಡೆ. ಬೇರೆ ಉಪಾಯ ಹೊಳೆಯದೆ ಓದತೊಡಗಿದೆ. ಆಮೇಲೆ ತಿಳಿದಂತೆ, ನೋಟೀಸು ಕೊಟ್ಟವರು ಬಹಳ ಕೆಲಸ ಇಟ್ಟುಕೊಂಡಿರಲಿಲ್ಲ; ನನ್ನ ಅರ್ಜಿಯನ್ನೇ ಅಕ್ಷರ ಬಿಡದೆ ಎತ್ತಿ ಬರೆದು, ಕೊನೆಗೆ 'ಹದಿನೈದು ದಿನಗಳೊಳಗಾಗಿ ತೆರವುಗೊಳಿಸತಕ್ಕದ್ದು' ಎಂದು ಸೇರಿಸಿದ್ದರು. "ಸದರಿ ನಿವೇಶನವು ಮಿತಿಮೀರಿ ಬೆಳೆದ…" ಎಂದು ಶುರುಮಾಡಿದವನು ಎಲ್ಲೂ ತಡವರಿಸದೆ, ಆಶ್ರಯಸ್ಥಾನ, ಸಂತಾನಕ್ಷೇತ್ರಗಳಿಗೆ ಸರಿಯಾದ ಒತ್ತು ಕೊಟ್ಟು ಮುಗಿಸಿದೆ. ಹೇಳಲು ನಾಚಿಕೆಯಾಗುತ್ತದೆ: ಆ ಭಯದ ನಡುವೆಯೂ, ನನ್ನ ವಾಕ್ಯ ಇಷ್ಟು ಚೆನ್ನಾಗಿದೆಯಲ್ಲ ಎಂದು ಒಂದು ಕ್ಷಣ ಹೆಮ್ಮೆಯಾಯಿತು.

ಚಿಕ್ಕತಾಯಮ್ಮ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. "ಅಂಗಂದ್ರೇನು ಸ್ವಾಮಿ?"

"ಗಿಡ ಬಳ್ಳಿ ಎಲ್ಲಾ ತೆಗೀಬೇಕಂತೆ."

"ಎಲ್ಲಾನೂವಾ?"

"ಸರ್ಕಾರದ ಮಾತು ನೋಡಿ…"

"ನೆಲ ಕೊಟ್ಟಿದ್ದಾಯ್ತು. ಈಗ ಮ್ಯಾಗಲ ಹಸ್ರೂ ಕೊಡ್ಬೇಕಾ?" ಎಂದಳು. ಜಗಳದ ದನಿಯಿರಲಿಲ್ಲ, ಲೆಕ್ಕ ತಪ್ಪಿದ್ದನ್ನು ಕೇಳುವ ದನಿ. "ಇಷ್ಟರಾಗೇ ಹಸಾನೂ ಸಾಕ್ಕೊಂಡಿದ್ದೆ. ಆಗ್ಲಿ. ನೀವು ಓದ್ದೋರು. ಕೀಳು ಅಂದ್ರೆ ಕೀಳ್ತೀನಿ. ಯೋಳಿ, ಕೀಳ್ಲಾ?"

ಈಗ ನಿಜ ಹೇಳಬಹುದಾಗಿತ್ತು. 'ಬೇಡ, ನಾನೇ ಒಂದು ಉತ್ತರ ಬರೆದುಕೊಡುತ್ತೇನೆ' ಎನ್ನಬಹುದಾಗಿತ್ತು. ಬಾಯಿಯವರೆಗೂ ಬಂದಿತ್ತು. ಆದರೆ ಅದೇ ಹೊತ್ತಿಗೆ ಅಡಿಪಾಯದ ಕಡೆ ಕಣ್ಣು ಹೋಯಿತು. ಏಳನೆಯ ತೂತು ಬಿದ್ದಂತೆ ಮಬ್ಬಾಗಿ ಕಂಡಿತು. "ಕಿತ್ತುಬಿಡಿ, ಯಾಕೆ ಸುಮ್ನೆ ತೊಂದರೆ" ಎಂದೆ.

ಎರಡು ದಿನದಲ್ಲಿ ಆ ಕಡೆಯ ಸೈಟು ನನ್ನದಕ್ಕಿಂತ ಬೋಳಾಯಿತು. ಕಿತ್ತ ಬಳ್ಳಿಯನ್ನೆಲ್ಲ ಹಸು ಒಂದು ವಾರ ಹಬ್ಬದಂತೆ ತಿಂದಿತು; ಆಮೇಲೆ ಖಾಲಿ ಗೊಂತಿನ ಮುಂದೆ ನಿಂತು ನಮ್ಮ ಮನೆಯ ಕಡೆಗೇ ತಿರುಗಿ ಕೂಗತೊಡಗಿತು. ಗೋಡೆಯ ಮೇಲಿನಿಂದ ಸೊಪ್ಪು ಬರುವುದು ನಿಂತಿತು. ಕಾಫಿ ಮಾತ್ರ ಹೋಗುತ್ತಿತ್ತು. ರುಕ್ಮಿಣಿ ಲೋಟ ಇಡುವಾಗ ನನ್ನ ಕಡೆ ನೋಡುತ್ತಿರಲಿಲ್ಲ. ಅವಳಿಗೆ ನಾನೇನೂ ಹೇಳಿರಲಿಲ್ಲ. ಆದರೆ ಅರ್ಜಿ ಬರೆದ ಹಾಳೆಗಳು ಅವಳ ಅಡಿಗೆ ಲೆಕ್ಕದ ಪುಸ್ತಕದಿಂದ ನಾನು ಕಿತ್ತುಕೊಂಡವು.

ಇರುವೆ ಹೋದವೇ? ಕೇಳಬೇಡಿ. ತಿಂಗಳೊಳಗೆ ಚಿಕ್ಕತಾಯಮ್ಮನ ಅಂಗಳದಲ್ಲೂ ಮಣ್ಣಿನ ಬಳೆಗಳು ಎದ್ದವು. ಅದುವರೆಗೆ ಅಲ್ಲಿ ಒಂದೂ ಇರಲಿಲ್ಲವಂತೆ. ಆಕೆಯ ಹಾಲಿನ ಚೊಂಬಿನಲ್ಲಿ ಇರುವೆ, ಹಸುವಿನ ಬೂಸದಲ್ಲಿ ಇರುವೆ. ನಮ್ಮ ಕಡೆ ಒಂದೂ ಕಡಿಮೆಯಾಗಿರಲಿಲ್ಲ.

ಆ ವರ್ಷ ಮೊದಲ ಮಳೆ ಬಿದ್ದ ಮಾರನೆಯ ಸಂಜೆ ನಾಲ್ಕು ಗಂಟೆಯಿರಬಹುದು, ಇಳಿಬಿಸಿಲು ಬಿದ್ದಿತ್ತು. ಎರಡೂ ಅಂಗಳಗಳ ತೂತುಗಳಿಂದ ರೆಕ್ಕೆ ಬಂದ ಇರುವೆಗಳು ಹೊಗೆಯಂತೆ ಎದ್ದವು. ನಮ್ಮ ತಾಯಿ ಮೆಟ್ಟಿಲ ಮೇಲೆ ಕೂತು ಕೈಮುಗಿದಳು. "ದಿಬ್ಬಣ ಹೊರಟ ಹಾಗಿದೆ ಕಣೋ. ಇವು ಒಂದೊಂದೂ ಒಂದೊಂದು ಹೊಸ ಸಂಸಾರ ಹೂಡ್ತಾವೆ." ಆಕೆಗೆ ಅದು ಶುಭ. ನಾನು ಕನ್ನಡಕ ಹಾಕಿಕೊಂಡು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತೆ.

ಒಂದು ದಪ್ಪ ಹೆಣ್ಣಿರುವೆ ನನ್ನ ಎದುರಿಗೇ ಇಳಿಯಿತು. ರೆಕ್ಕೆಗಳನ್ನು, ಮದುವೆಯ ಸೀರೆ ಕಳಚಿಡುವಂತೆ, ಕಳಚಿ ಬಿಸಾಡಿತು. ಆಮೇಲೆ ಸೈಟು ನೋಡಲು ಹೊರಟಿತು. ನಾನೂ ಸೈಟು ಹುಡುಕಿ ಅಲೆದವನು. ಆ ನಡಿಗೆ ನನಗೆ ಗೊತ್ತು. ಮೊದಲು ನಲ್ಲಿಯ ಪಕ್ಕದ ದೊಡ್ಡಪತ್ರೆಯ ಕೆಳಗೆ ಹೋಯಿತು. ಅಲ್ಲಿ ತಂಪು, ನೆರಳು. ಒಂದು ಗಳಿಗೆ ಮೀಸೆಯಾಡಿಸಿ, ಮನಸ್ಸಿಗೆ ಬಾರದೆ ಹೊರಗೆ ಬಂತು. ನೇರವಾಗಿ ನಡೆದು, ಭಾನುವಾರ ನಾನು ಕೆರೆದು ನುಣುಪು ಮಾಡಿದ್ದ ಬಿಸಿಲ ನೆಲದ ನಟ್ಟನಡುವೆ ನಿಂತು, ಗುದ್ದಲಿಪೂಜೆ ಶುರುಮಾಡಿತು. ಇನ್ನೊಂದನ್ನು ನೋಡಿದೆ. ಅದೂ ಹಾಗೆಯೇ. ಮೂರನೆಯದೂ. ಅಂಗಳದ ತುಂಬ ತೂತು. ರುಕ್ಮಿಣಿಯ ಎರಡಡಿ ದೊಡ್ಡಪತ್ರೆಯ ಕೆಳಗೆ ಮಾತ್ರ ಒಂದೂ ಇಲ್ಲ. ದಿನಾ ಅಲ್ಲೇ ನಿಂತು ಸೂರ್ಯನಿಗೆ ಕೈಮುಗಿದವನಿಗೆ ಇಷ್ಟು ದಿನ ಅದು ಕಾಣಲಿಲ್ಲ.

"ಈಗ ಗೊತ್ತಾಯ್ತಾ ಸ್ವಾಮಿ?" ಗೋಡೆಯ ಮೇಲೆ ಚಿಕ್ಕತಾಯಮ್ಮ. "ಮೊಟ್ಟೆಗೆ ಕಾವು ಬ್ಯಾಡವಾ? ಬಿಸ್ಲು ಬಿದ್ದ ನೆಲ ಇವಕ್ಕೆ ಬಾಣಂತಿಕೋಣೆ ಇದ್ದಂಗೆ. ಬೆಚ್ಚಗಿರ್ತದೆ. ನೀವು ವಾರ ವಾರ ಗುಡ್ಸಿ ಸಾರ್ಸಿ ಕೊಡ್ತಿದ್ರಿ."

"ಪಥ್ಯದೂಟ ಶನಿವಾರ ಶನಿವಾರ ಅತ್ತೆ ಹಾಕ್ತಿದ್ರು" ಎಂದಳು ರುಕ್ಮಿಣಿ, ಅಡಿಗೆಮನೆಯ ಕಿಟಕಿಯಿಂದ.

"ಎಲ್ಲಾ ಇರುವೇನೂ ಹಿಂಗೇ ಅಲ್ಲ" ಎಂದು ಚಿಕ್ಕತಾಯಮ್ಮ ನನ್ನ ಸಮಾಧಾನಕ್ಕೋ ಏನೋ ಸೇರಿಸಿದಳು. "ಮಾವಿನ ಮರದಾಗೆ ಎಲೆ ಹೊಲ್ಕೊಂಡು ಗೂಡು ಕಟ್ತದಲ್ಲ ಕೆಂಜಿಗ, ಅದಕ್ಕೆ ಮರಾನೇ ಬೇಕು. ನಿಮ್ತಾವ ಇರೋ ಜಾತಿಗೆ ಬೋಳು ನೆಲ."

ಕ್ಷಮೆ ಕೇಳಬೇಕೆಂದು ಗೋಡೆಯ ಹತ್ತಿರ ಹೋದೆ. "ಚಿಕ್ಕತಾಯಮ್ಮ, ಆ ನೋಟೀಸು ಇದೆಯಲ್ಲ, ಅದು…" ಎಂದೆ. ಆಕೆ ಕಾದಳು. ನನ್ನ ಬಾಯಿಂದ ಬಂದದ್ದು: "ಗೆಣಸಿನ ಬಳ್ಳಿ ಈಗ ಎಲ್ಲಿ ಸಿಗತ್ತೆ?"

ಜರಗನಹಳ್ಳಿಯಲ್ಲಿ ಆಕೆಯ ತಮ್ಮನ ಹೊಲದಲ್ಲಿ ಸಿಗುತ್ತಿತ್ತು. ಭಾನುವಾರ ಗುದ್ದಲಿ ಮೂಲೆಗಿಟ್ಟು ನಾನೇ ಹೋದೆ. ಕನಕಪುರ ರಸ್ತೆಯ ಬಸ್ಸಿನಲ್ಲಿ ವಾಪಸು ಬರುವಾಗ ತೊಡೆಯ ಮೇಲೆ ಒಂದು ಹೊರೆ ಬಳ್ಳಿ, ಕಾಲ ಬಳಿ ಇನ್ನೊಂದು, ಇಸ್ತ್ರಿ ಮಾಡಿದ ಕೋಟಿನ ಮೇಲೆಲ್ಲ ಅದರ ಹಾಲು. ಕಂಡಕ್ಟರು ಟಿಕೆಟ್ಟು ಹರಿಯುತ್ತ ನನ್ನ ಹಿಂದೆ ಮುಂದೆ ನೋಡಿ, "ಹಸು ಯಾವ ಸ್ಟಾಪಲ್ಲಿ ಹತ್ತತ್ತೆ ಸಾರ್?" ಎಂದು ಕೇಳಿದ. ಬಸ್ಸೆಲ್ಲ ನಕ್ಕಿತು. ನನಗೆ ಅದು ನ್ಯಾಯವಾಗಿಯೇ ಕಂಡಿತು.

ಒಂದು ಹೊರೆ ಆ ಕಡೆ ನೆಟ್ಟೆವು, ಒಂದು ಹೊರೆ ಈ ಕಡೆ. ಅದರ ಜೊತೆಗೆ ಇನ್‌ಸ್ಪೆಕ್ಟರಿಗೆ ಒಂದು ಅರ್ಜಿ ಬರೆದೆ: ಸದರಿ ಗಿಡಬಳ್ಳಿಗಳು ಊಟದ ಬೆಳೆಯೆಂದೂ, ನೆಲಕ್ಕೆ ನೆರಳೆಂದೂ, ಹಿಂದಿನ ಅರ್ಜಿದಾರನು ಅವಿವೇಕಿಯೆಂದೂ. ಈ ಸಲ ಹೆಸರು ಹಾಕಿದೆ. ಇನ್‌ಸ್ಪೆಕ್ಟರು ಮತ್ತೆ ಆ ಕಡೆಗೆ ಬರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಗೋಡೆಯೇ ಕಾಣದಂತೆ ಹಸಿರು ಹಬ್ಬಿತು. ಅಡಿಪಾಯದ ಪಕ್ಕದ ತೂತುಗಳು ಒಂದೊಂದಾಗಿ ಮುಚ್ಚಿಹೋದವು. ಗೇಟಿನ ಮುಂದೆ ಬಿಸಿಲು ಬೀಳುವಷ್ಟು ಜಾಗವನ್ನು ಮಾತ್ರ ತಾಯಿಯ ಶನಿವಾರಕ್ಕೆಂದು ಬೋಳಾಗಿ ಬಿಟ್ಟೆವು. ಅಲ್ಲಿ ನಾಲ್ಕು ಗೂಡು ಸುಖವಾಗಿವೆ. ಸೊಪ್ಪು ಮತ್ತೆ ಗೋಡೆ ಹತ್ತಿ ಬರತೊಡಗಿತು. ನಾನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ದಿನಾ ಹೊನಗೊನೆ ಪಲ್ಯವನ್ನು ತಲೆಯೆತ್ತದೆ ತಿನ್ನುತ್ತಿದ್ದೆ. ಜೊತೆಗೆ, ಇಷ್ಟು ಬಳ್ಳಿಯೊಳಗೆ ಹಾವು ಸೇರಿಕೊಂಡರೆ ಎಂಬ ಹೊಸ ಚಿಂತೆ.

ಈಚೆಗೆ ನಮ್ಮ ಎದುರು ಸೈಟಿನಲ್ಲಿ ಹೊಸ ಮನೆ ಎದ್ದಿತು. ಮನೆಯ ಯಜಮಾನರು ಬಹಳ ಶಿಸ್ತಿನವರು. ಪ್ರತಿ ಭಾನುವಾರ ಅಂಗಳ ಕೆರೆದು, ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಾರೆ. ಆಮೇಲೆ ನಮ್ಮ ಬಳ್ಳಿಗಳನ್ನು ನೋಡುತ್ತಾರೆ. ಹೋದ ವಾರ ನನ್ನ ಹೆಸರಿಗೆ ಒಂದು ನೋಟೀಸು ಬಂತು. ನಲ್ಲಿಯ ಹತ್ತಿರ ನಿಂತು ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ಅಕ್ಷರಗಳು ಸಾಸಿವೆ ಚೆಲ್ಲಿದಂತೆ ಕಂಡವೇ ಹೊರತು ಒಂದೂ ಗುರುತು ಹತ್ತಲಿಲ್ಲ.

"ಏನ್ ಕಾಗ್ದ ಸ್ವಾಮಿ?" ಎಂದಳು ಚಿಕ್ಕತಾಯಮ್ಮ, ಅವರೆಯ ಎಲೆಗಳ ನಡುವಿನಿಂದ.

"ನೋಟೀಸು ಅನ್ಸತ್ತೆ. ಗಿಡ ಬಳ್ಳಿ ತೆಗೀಬೇಕು ಅಂತ ಇರಬೇಕು. ತಡೀರಿ, ಕನ್ನಡಕ ತರ್ತೀನಿ."

"ತನ್ನಿ, ತನ್ನಿ" ಎಂದಳು. "ಇದು ಬ್ಯಾರೆ ಯಾರೋ ಬರ್ದಿದ್ದಲ್ಲವಾ, ಕನ್ನಡ್ಕ ಬೇಕೇ ಬೇಕು. ಹೋದ ದಪ ನಂದನ್ನ ಹಂಗೇ ಬರಿಗಣ್ಣಾಗೆ ಗಡಗಡಾಂತ ಓದಿದ್ರಲ್ಲ!"

ಸೊಪ್ಪಿನ ಹಿಡಿ ಗೋಡೆಯ ಮೇಲಿತ್ತು, ಎಂದಿನಂತೆ. ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದೆ. ಅಕ್ಷರಗಳು ಸ್ಪಷ್ಟವಾಗಿ ಕಂಡವು. ಚಿಕ್ಕತಾಯಮ್ಮನ ಮುಖವೂ, ಆಕೆಯ ಪಕ್ಕದಲ್ಲಿ ಲೋಟ ಹಿಡಿದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ ನನ್ನ ಹೆಂಡತಿಯ ಮುಖವೂ ಅಷ್ಟೇ ಸ್ಪಷ್ಟವಾಗಿ ಕಂಡವು. ಕನ್ನಡಕ ತೆಗೆದುಬಿಟ್ಟೆ.